ಶನಿವಾರ ಗೆಲ್ಲುವ ತಂಡ ಯಾವುದು? ಕಾಲೇಜ್ ಫುಟ್‌ಬಾಲ್ ಲೆಕ್ಕ ಹಾಕುವ ಬಗೆ

ಆಗಸ್ಟ್ ಕೊನೆಯ ವಾರ ಬಂತೆಂದರೆ ಅಮೆರಿಕದ ಕಚೇರಿಗಳಲ್ಲಿ ಕಾಲೇಜ್ ಫುಟ್‌ಬಾಲ್ (ನಮ್ಮ ಕಾಲ್ಚೆಂಡಲ್ಲ, ಕೈಯಲ್ಲಿ ಚೆಂಡು ಹಿಡಿದು ಓಡುವ ಅಮೆರಿಕದ ಆಟ) ಪೂಲ್ ಶುರು. ವಾರಕ್ಕೆ ಹತ್ತೋ ಹದಿನೈದೋ ಪಂದ್ಯಗಳ ಪಟ್ಟಿ ಬರುತ್ತದೆ, ಗೆಲ್ಲುವ ತಂಡಕ್ಕೆ ಗುರುತು ಹಾಕಿ ಕಳಿಸಬೇಕು. ಡಲ್ಲಾಸ್, ಕೊಲಂಬಸ್ ಕಡೆ ಕೆಲಸದಲ್ಲಿರುವ ನಮ್ಮವರೂ ಉತ್ಸಾಹದಿಂದ ಸೇರಿಕೊಳ್ಳುತ್ತಾರೆ. ಅಕ್ಟೋಬರ್ ಹೊತ್ತಿಗೆ ಅವರಲ್ಲಿ ಬಹಳ ಮಂದಿ ಪಟ್ಟಿಯ ತಳ ಸೇರಿರುವುದನ್ನು ನೋಡುತ್ತಲೇ ಇದ್ದೇನೆ. ಆಟ ತಿಳಿಯದೆ ಹೀಗಾಗುವುದಲ್ಲ. ಅವರು ನೋಡುವುದು ಎರಡೇ ಸಂಗತಿ: ತಂಡದ ರ‍್ಯಾಂಕ್ ಎಷ್ಟು, ಗೆದ್ದ ಪಂದ್ಯ ಎಷ್ಟು. ನೋಡಬೇಕಾದದ್ದು ಅಂಕಗಳ ಅಂತರ. ಅದೂ ಎದುರಾಳಿ ಎಂಥವನೆಂದು ಲೆಕ್ಕಕ್ಕೆ ಹಿಡಿದ ಅಂತರ. ಕ್ರಿಕೆಟ್‌ನ ನೆಟ್ ರನ್ ರೇಟ್ ಅರ್ಥವಾದವರಿಗೆ ಇದು ಕಷ್ಟವಲ್ಲ.

ದುಡ್ಡು ಕಟ್ಟುವ ಬೆಟ್ಟಿಂಗ್‌ಗಾಗಿ ಇದನ್ನು ಬರೆಯುತ್ತಿಲ್ಲ. ಅದು ಬೇಡ.

1. ರ‍್ಯಾಂಕಿಂಗ್ ಪಟ್ಟಿಯನ್ನು ಮುಚ್ಚಿಡಿ

ಅಸೋಸಿಯೇಟೆಡ್ ಪ್ರೆಸ್ ಸುದ್ದಿಸಂಸ್ಥೆಯ ರ‍್ಯಾಂಕಿಂಗ್, ಅಂದರೆ ಎಪಿ ಪಟ್ಟಿ 1936ರಿಂದ ನಡೆದು ಬಂದಿದೆ. ಕ್ರೀಡಾ ಪತ್ರಕರ್ತರು ಮತ ಹಾಕಿ ತಯಾರಿಸುವ ಪಟ್ಟಿ ಅದು. ಗೆದ್ದವರನ್ನು ಮೇಲೇರಿಸುವುದು, ಸೋತವರನ್ನು ಕೆಳಗಿಳಿಸುವುದು ಅದರ ಕ್ರಮ. ಇಲ್ಲಿಯವರೆಗೆ ಏನಾಯಿತೆಂದು ಅದು ಹೇಳುತ್ತದೆ, ಮುಂದಿನ ಶನಿವಾರ ಏನಾಗುತ್ತದೆಂದು ಹೇಳಲು ಅದನ್ನು ಮಾಡಿಲ್ಲ.

2024ರ ಸೆಪ್ಟೆಂಬರ್ 7ರಂದು 5ನೇ ರ‍್ಯಾಂಕಿನ ನೋಟ್ರ್ ಡೇಮ್ ತನ್ನ ತವರಿನಲ್ಲೇ ನಾರ್ದರ್ನ್ ಇಲಿನಾಯ್ ಎದುರು 16-14ರಿಂದ ಸೋತಿತು. ಮರುವಾರ ಪರ್ಡ್ಯೂ ಅಂಗಳಕ್ಕೆ ಹೋಗಿ 66-7ರಿಂದ ಗೆದ್ದಿತು. ನಾರ್ದರ್ನ್ ಇಲಿನಾಯ್ ತನ್ನ ಮುಂದಿನ ಪಂದ್ಯದಲ್ಲೇ ಬಫಲೋಗೆ ಸೋತಿತು. ನೋಟ್ರ್ ಡೇಮ್ ಜನವರಿಯ ಫೈನಲ್‌ವರೆಗೂ ಹೋಯಿತು. ಆ ಒಂದು ಸೋಲನ್ನು ನೋಡಿ ನೋಟ್ರ್ ಡೇಮನ್ನು ಕೈಬಿಟ್ಟವರು ಸೀಸನ್ ಪೂರ್ತಿ ತಪ್ಪು ಗುರುತು ಹಾಕುತ್ತಾ ಹೋದರು. ಒಂದು ಪಂದ್ಯ ಒಂದೇ ಪಂದ್ಯ.

2. ಸ್ಕೋರ್‌ಗಳನ್ನು ಕೂಡಿಹಾಕಿ

ಯಾವುದಾದರೂ ಕ್ರೀಡಾ ತಾಣದಿಂದ ಈ ಸೀಸನ್ನಿನ ಫಲಿತಾಂಶಗಳನ್ನು ಗೂಗಲ್ ಶೀಟ್‌ಗೆ ಇಳಿಸಿಕೊಳ್ಳಿ. ಅರ್ಧ ಗಂಟೆಯ ಕೆಲಸ.

3. ಅಂತರವನ್ನು ತಿದ್ದಿ

ಎಲ್ಲರೂ ಎಡವುವುದು ಇಲ್ಲಿ. ನಿಧಾನವಾಗಿ ಓದಿ.

ಮೊದಲು ಕೆಳ ಹಂತದ, ಅಂದರೆ ಎಫ್‌ಸಿಎಸ್ ತಂಡಗಳ ಎದುರಿನ ಪಂದ್ಯಗಳನ್ನು ತೆಗೆದುಹಾಕಿ. ದೊಡ್ಡ ವಿಶ್ವವಿದ್ಯಾಲಯಗಳು ಸೀಸನ್ ಆರಂಭದಲ್ಲಿ ಸಣ್ಣ ತಂಡಗಳಿಗೆ ಹಣ ಕೊಟ್ಟು ಕರೆಸಿ ಆಡುತ್ತವೆ. ಪರ್ಡ್ಯೂ 2024ರ ಮೊದಲ ಪಂದ್ಯದಲ್ಲಿ ಇಂಡಿಯಾನಾ ಸ್ಟೇಟ್ ತಂಡವನ್ನು 49-0ಯಿಂದ ಮಣಿಸಿತ್ತು. ಅಲ್ಲಿ ಮಕ್ಕಳನ್ನು ಓದಲು ಬಿಟ್ಟಿರುವ ಎಷ್ಟೋ ಕನ್ನಡಿಗರು ಈ ಸಲ ನಮ್ಮದೇ ಎಂದು ಹಿಗ್ಗಿದರು. ಆ ವರ್ಷ ಪರ್ಡ್ಯೂ ಗೆದ್ದದ್ದು ಅದೊಂದೇ ಪಂದ್ಯ, ಸೋತದ್ದು 11.

ಆಮೇಲೆ ಅಂತರಕ್ಕೆ ಮಿತಿ ಹಾಕಿ. ನಾನು 24 ಇಟ್ಟುಕೊಳ್ಳುತ್ತೇನೆ, ನೀವೂ ಅದನ್ನೇ ಇಟ್ಟುಕೊಳ್ಳಿ. 45 ಅಂಕಗಳಿಂದ ಗೆದ್ದರೂ 24 ಎಂದೇ ಬರೆಯಬೇಕು, ಸೋಲಿಗೂ ಇದೇ ನಿಯಮ. ತುಂಬಾ ಮುಂದಿರುವ ತಂಡ ಕೊನೆಯ ಕ್ವಾರ್ಟರ್‌ನಲ್ಲಿ ಮುಖ್ಯ ಆಟಗಾರರನ್ನು ಕೂರಿಸಿ ಹೊಸಬರನ್ನು ಇಳಿಸುತ್ತದೆ. ಆಗ ಬಂದ ಅಂಕಗಳಿಂದ ಯಾರ ಬಲವೂ ತಿಳಿಯುವುದಿಲ್ಲ. ತವರಿನಲ್ಲಿ ಆಡಿದ ಪಂದ್ಯವಾದರೆ ಅಂತರದಿಂದ 2.5 ಕಳೆಯಿರಿ, ಹೊರಗೆ ಆಡಿದ್ದರೆ 2.5 ಕೂಡಿಸಿ.

ಈಗ ಎದುರಾಳಿಯ ಬಲ. ಒಂದು ತಂಡದ ಸರಾಸರಿ ಅಂತರಕ್ಕೆ ಅದರ ಎದುರಾಳಿಗಳ ಸರಾಸರಿ ಬಲವನ್ನು ಕೂಡಿಸಿದರೆ ಬರುವುದೇ ಆ ತಂಡದ ಬಲ. ಉದಾಹರಣೆಗೆ, ತಂಡ ‘ಅ’ ಐದರಲ್ಲಿ ನಾಲ್ಕು ಗೆದ್ದಿದೆ ಎಂದುಕೊಳ್ಳಿ. ಎಫ್‌ಸಿಎಸ್ ಪಂದ್ಯ ಬಿಟ್ಟು ಉಳಿದ ನಾಲ್ಕರ ಅಂತರ 24, 10, ಮೈನಸ್ 3, 14. ಸರಾಸರಿ 11.25. ಎದುರಾಳಿಗಳು ದುರ್ಬಲರು, ಅವರ ಸರಾಸರಿ ಬಲ ಮೈನಸ್ 2.5. ಹಾಗಾದರೆ ‘ಅ’ ಬಲ 8.75. ತಂಡ ‘ಆ’ ನಾಲ್ಕರಲ್ಲಿ ಎರಡು ಗೆದ್ದು ಎರಡು ಸೋತಿದೆ. ಅಂತರ ಮೈನಸ್ 7, 3, ಮೈನಸ್ 10, 6. ಸರಾಸರಿ ಮೈನಸ್ 2. ಆದರೆ ಅದು ಆಡಿದ್ದು ಗಟ್ಟಿ ತಂಡಗಳ ಮೇಲೆ, ಅವುಗಳ ಸರಾಸರಿ ಬಲ 11. ಆದ್ದರಿಂದ ‘ಆ’ ಬಲ 9. ಈ ಶನಿವಾರದ ಪಂದ್ಯ ‘ಆ’ ತವರಿನಲ್ಲಿದ್ದರೆ ಅದಕ್ಕೆ 2.5 ಸೇರಿಸಿ. ‘ಆ’ ಸುಮಾರು 3 ಅಂಕಗಳಿಂದ ಗೆಲ್ಲಬೇಕು. ಪೂಲ್‌ನಲ್ಲಿ ಹೆಚ್ಚಿನವರು ನಾಲ್ಕು ಗೆದ್ದ ‘ಅ’ಗೇ ಗುರುತು ಹಾಕಿರುತ್ತಾರೆ. ನೀವು ಅವರಿಗಿಂತ ಮುಂದೆ ಹೋಗುವುದು ಇಂಥ ಪಂದ್ಯಗಳಲ್ಲಿ.

ಎದುರಾಳಿಗಳ ಬಲದ ಅಂಕಿಯನ್ನು ತರುವುದು ಎಲ್ಲಿಂದ ಎಂಬಲ್ಲಿ ಹಲವರು ಕೈಚೆಲ್ಲುತ್ತಾರೆ. ಮೊದಲ ಸುತ್ತಿನಲ್ಲಿ ಪ್ರತಿ ತಂಡದ ಸರಾಸರಿ ಅಂತರವನ್ನೇ ಅದರ ಬಲವೆಂದು ಹಿಡಿಯಿರಿ. ಎರಡನೇ ಸುತ್ತಿನಲ್ಲಿ ಎದುರಾಳಿಗಳ ಬಲ ಕೂಡಿಸಿದರೆ ಎಲ್ಲರಿಗೂ ಹೊಸ ಅಂಕಿ ಬರುತ್ತದೆ. ಮೂರನೇ ಸುತ್ತಿಗೆ ಆ ಹೊಸ ಅಂಕಿಗಳನ್ನೇ ಬಳಸಿ, ಆದರೆ ಕೂಡಿಸುವುದು ಯಾವಾಗಲೂ ಮೂಲ ಸರಾಸರಿ ಅಂತರಕ್ಕೆ; ಹಿಂದಿನ ಸುತ್ತಿನ ಉತ್ತರಕ್ಕಲ್ಲ. ಇದನ್ನು ತಪ್ಪಿದರೆ ಅಂಕಿಗಳು ಊದಿಕೊಳ್ಳುತ್ತಾ ಹೋಗುತ್ತವೆ. ಕೆಲವು ಸುತ್ತುಗಳಲ್ಲಿ ಅಂಕಿಗಳು ಅಲುಗಾಡುವುದು ನಿಲ್ಲುತ್ತದೆ. 130ಕ್ಕೂ ಹೆಚ್ಚು ತಂಡಗಳಿಗೆ ಇದನ್ನು ಮಾಡುವ ಪುರಸೊತ್ತು ಇಲ್ಲವೇ? ಇಎಸ್‌ಪಿಎನ್‌ನ ಎಫ್‌ಪಿಐ ಪಟ್ಟಿಯಿಂದ ಎದುರಾಳಿಗಳ ಅಂಕಿ ಎತ್ತಿಕೊಳ್ಳಿ. ಸರಾಸರಿ ತಂಡಕ್ಕಿಂತ ಎಷ್ಟು ಅಂಕ ಮೇಲೆ, ಎಷ್ಟು ಕೆಳಗೆ ಎಂಬ ಅಳತೆಯಲ್ಲೇ ಅದೂ ಇದೆ. ಈ ಅಡ್ಡದಾರಿಗೆ ನನ್ನ ತಕರಾರಿಲ್ಲ.

ಸೆಪ್ಟೆಂಬರ್‌ನಲ್ಲಿ ಎರಡು ಮೂರು ಪಂದ್ಯಗಳಷ್ಟೇ ಕೈಯಲ್ಲಿರುತ್ತವೆ. ಆಗ ಹಳೆಯ ಸೀಸನ್ನಿನ ಅಂಕಿಗೆ ಅರ್ಧ ತೂಕ ಕೊಡಿ, ಅಕ್ಟೋಬರ್ ಮಧ್ಯದ ಹೊತ್ತಿಗೆ ಅದನ್ನು ಪೂರ್ತಿ ಬಿಡಿ. ಆಟಗಾರರು ಕಾಲೇಜು ಬದಲಿಸಲು ಬಳಸುವ ಟ್ರಾನ್ಸ್‌ಫರ್ ಪೋರ್ಟಲ್ ಬಂದ ಮೇಲೆ ಅರ್ಧ ತಂಡವೇ ಬದಲಾಗಿರಬಹುದು, ಹಾಗಾಗಿ ಹಳೆಯ ಕ್ವಾರ್ಟರ್‌ಬ್ಯಾಕ್ (ಚೆಂಡೆಸೆದು ತಂಡದ ದಾಳಿ ನಡೆಸುವವನು) ಉಳಿದಿದ್ದಾನೆಯೇ ಎಂದಾದರೂ ನೋಡಿಕೊಳ್ಳಿ. ಬೇಸಿಗೆಯಲ್ಲಿ ಮಾರಾಟಕ್ಕೆ ಬರುವ ದಪ್ಪ ಮುನ್ನೋಟ ಸಂಚಿಕೆಗಳಿಗೆ ದುಡ್ಡು ಸುರಿಯಬೇಡಿ. ಅಚ್ಚಾಗುವಷ್ಟರಲ್ಲಿ ತಂಡದ ಪಟ್ಟಿ ಹಳತಾಗಿರುತ್ತದೆ.

4. ಅದೃಷ್ಟದ ಪಾಲನ್ನು ಕಳೆಯಿರಿ

ಎಂಟು ಅಂಕದೊಳಗೆ ಮುಗಿದ ಪಂದ್ಯ ಯಾರ ಕಡೆಗಾದರೂ ಹೋಗಬಹುದಿತ್ತು. 2022ರಲ್ಲಿ ಟಿಸಿಯು (ಟೆಕ್ಸಸ್ ಕ್ರಿಶ್ಚಿಯನ್ ವಿಶ್ವವಿದ್ಯಾಲಯ) ಲೀಗ್ ಹಂತದ 12 ಪಂದ್ಯಗಳನ್ನೂ ಗೆದ್ದಿತು. ಆದರೆ ಹೇಗೆ ಗೆದ್ದಿತು ನೋಡಿ: ಬೇಲರ್ ಮೇಲೆ 29-28, ಕ್ಯಾನ್ಸಸ್ ಮೇಲೆ 38-31, ಟೆಕ್ಸಸ್ ಮೇಲೆ 17-10, ಒಕ್ಲಹೋಮ ಸ್ಟೇಟ್ ಮೇಲೆ ಎರಡು ಓವರ್‌ಟೈಮ್ ಆಡಿ 43-40. ಆ ಹುಡುಗರ ಛಲ ದೊಡ್ಡದು, ಸೆಮಿಫೈನಲ್‌ನಲ್ಲಿ ಮಿಷಿಗನ್ನನ್ನೂ ಸೋಲಿಸಿದರು. ಫೈನಲ್‌ನಲ್ಲಿ ಜಾರ್ಜಿಯಾ ಎದುರು ಬಂದ ಫಲಿತಾಂಶ 65-7. ಅಂತರದ ಲೆಕ್ಕ ಜಾರ್ಜಿಯಾ ಬಲಿಷ್ಠವೆಂದು ಮೊದಲಿನಿಂದಲೇ ಹೇಳುತ್ತಿತ್ತು.

ಟರ್ನೋವರ್, ಅಂದರೆ ಚೆಂಡು ಎದುರಾಳಿಯ ಕೈಸೇರುವುದು ಕೂಡ ಹಾಗೆಯೇ. ಕೈಜಾರಿ ನೆಲಕ್ಕೆ ಬಿದ್ದ ಚೆಂಡು ಯಾರಿಗೆ ಸಿಗುತ್ತದೆಂಬುದು ಬಹುಮಟ್ಟಿಗೆ ಅದೃಷ್ಟ. ಒಂದು ಟರ್ನೋವರ್‌ನ ಬೆಲೆ ಸುಮಾರು 4 ಅಂಕ, ಅದರಲ್ಲಿ ಅರ್ಧವನ್ನು ಅದೃಷ್ಟವೆಂದು ಕಳೆಯಿರಿ. ಮೂರು ಹೆಚ್ಚು ಟರ್ನೋವರ್ ಸಿಕ್ಕು 10 ಅಂಕಗಳಿಂದ ಗೆದ್ದ ತಂಡಕ್ಕೆ ನಿಮ್ಮ ಹಾಳೆಯಲ್ಲಿ 4 ಬರೆದರೆ ಸಾಕು.

5. ಕ್ವಾರ್ಟರ್‌ಬ್ಯಾಕ್ ಆಡುತ್ತಾನೆಯೇ?

ಉಳಿದ ಗಾಯಗಳ ಸುದ್ದಿಗೆ ತಲೆ ಕೆಡಿಸಿಕೊಳ್ಳಬೇಡಿ, ಇದೊಂದನ್ನು ಬಿಡಬೇಡಿ. ಒಳ್ಳೆಯ ಕ್ವಾರ್ಟರ್‌ಬ್ಯಾಕ್ ಇಲ್ಲದ ದಿನ 4ರಿಂದ 7 ಅಂಕ ಕಳೆಯಿರಿ. 2023ರ ನವೆಂಬರ್‌ನಲ್ಲಿ ಫ್ಲೋರಿಡಾ ಸ್ಟೇಟ್‌ನ ಜೋರ್ಡನ್ ಟ್ರಾವಿಸ್ ಕಾಲು ಮುರಿದುಕೊಂಡರು. ತಂಡ 13 ಪಂದ್ಯ ಗೆದ್ದು ಅಜೇಯವಾಗಿದ್ದರೂ ಆಯ್ಕೆ ಸಮಿತಿ ಅದಕ್ಕೆ ಪ್ಲೇಆಫ್‌ನಲ್ಲಿ ಜಾಗ ಕೊಡಲಿಲ್ಲ. ವಿಶ್ವವಿದ್ಯಾಲಯ ತಂಡಗಳ ದೊಡ್ಡ ಗುಂಪುಗಳಾದ ಬಿಗ್ ಟೆನ್ 2023ರಿಂದ, ಎಸ್‌ಇಸಿ 2024ರಿಂದ ಪಂದ್ಯಕ್ಕೆ ಮುಂಚೆ ಆಟಗಾರರ ಲಭ್ಯತೆಯ ಪಟ್ಟಿ ಕೊಡುತ್ತಿವೆ. ಗುರುವಾರ ಗುರುತು ಹಾಕಿಟ್ಟು, ಶನಿವಾರ ಬೆಳಿಗ್ಗೆ ಈ ಪಟ್ಟಿ ನೋಡಿ ಖಚಿತ ಮಾಡಿ.

ಹವಾಮಾನದಲ್ಲಿ ಗಾಳಿಯೊಂದನ್ನು ಗಮನಿಸಿ. ಜೋರು ಗಾಳಿ ಪಾಸಿಂಗ್ ತಂಡವನ್ನೂ ಕಿಕ್ಕರನ್ನೂ ಕಟ್ಟಿಹಾಕುತ್ತದೆ, ಮಳೆ ಅಷ್ಟು ಕೆಡಿಸುವುದಿಲ್ಲ.

6. ಸ್ಪ್ರೆಡ್ ಜೊತೆ ಹೋಲಿಸಿ

ಬೆಟ್ಟಿಂಗ್ ಮಾರುಕಟ್ಟೆ ಹೇಳುವ ಅಂತರವೇ ಸ್ಪ್ರೆಡ್. ಪತ್ರಿಕೆಗಳಲ್ಲೂ ಅಚ್ಚಾಗುತ್ತದೆ, ನೋಡಲು ದುಡ್ಡು ಕಟ್ಟಬೇಕಿಲ್ಲ. ಅದು ಮೇಲುಗೈ ಕೊಡುವ ತಂಡ ಸುಮಾರು ನಾಲ್ಕರಲ್ಲಿ ಮೂರು ಸಲ ಗೆಲ್ಲುತ್ತದೆ. ಐದೇ ನಿಮಿಷ ಇದ್ದರೆ ಮೇಲಿನದೆಲ್ಲ ಬಿಟ್ಟು ಸ್ಪ್ರೆಡ್ ನೋಡಿ ಗುರುತು ಹಾಕಿ, ನಡು ಸ್ಥಾನಕ್ಕಂತೂ ಮೋಸವಿಲ್ಲ. ನಿಮ್ಮ ಅಂಕಿಗೂ ಸ್ಪ್ರೆಡ್‌ಗೂ 7ಕ್ಕಿಂತ ಹೆಚ್ಚು ವ್ಯತ್ಯಾಸ ಬಂದರೆ ನೀವು ಏನನ್ನೋ ಬಿಟ್ಟಿದ್ದೀರಿ. ಸಾಮಾನ್ಯವಾಗಿ ಅದು ಕ್ವಾರ್ಟರ್‌ಬ್ಯಾಕ್‌ನ ಗಾಯ.

ಟೆಲಿಗ್ರಾಂ ಗುಂಪುಗಳಲ್ಲಿ ‘ನೂರಕ್ಕೆ ನೂರು ಗ್ಯಾರಂಟಿ’ ಎಂದು ಟಿಪ್ಸ್ ಮಾರುವವರನ್ನು ಹತ್ತಿರಕ್ಕೂ ಸೇರಿಸಬೇಡಿ. ಅರ್ಧ ಜನಕ್ಕೆ ಒಂದು ತಂಡ, ಉಳಿದರ್ಧಕ್ಕೆ ಇನ್ನೊಂದು ತಂಡ ಕಳಿಸಿದರೆ ಯಾವಾಗಲೂ ಅರ್ಧ ಜನ ಅವರನ್ನು ನಂಬಿಯೇ ನಂಬುತ್ತಾರೆ.

7. ಧೈರ್ಯದ ಅಂಕ ಹಂಚುವುದು

ಕೆಲವು ಪೂಲ್‌ಗಳಲ್ಲಿ ಹತ್ತು ಪಂದ್ಯಕ್ಕೆ 1ರಿಂದ 10ರವರೆಗೆ ಅಂಕ ಹಂಚಬೇಕು, ಖಾತ್ರಿಯಿದ್ದಷ್ಟೂ ಹೆಚ್ಚು. ನಿಮ್ಮ ಅಂತರದ ಕ್ರಮದಲ್ಲೇ ಹಂಚಿ, ಮನಸ್ಸಿನ ಮಾತು ಕೇಳಬೇಡಿ. 3 ಅಂಕ ಮುಂದಿರುವ ತಂಡ ಹತ್ತರಲ್ಲಿ ಸುಮಾರು 6 ಸಲ ಗೆಲ್ಲುತ್ತದೆ, 7 ಅಂಕವಾದರೆ 7 ಸಲ, 14 ಆದರೆ 8ಕ್ಕೂ ಹೆಚ್ಚು. ಹತ್ತಕ್ಕೆ ಹತ್ತು ಎಂಬುದು ಇಲ್ಲವೇ ಇಲ್ಲ: 2024ರ ನವೆಂಬರ್ 30ರಂದು ಸ್ಪ್ರೆಡ್ ಪ್ರಕಾರ ಸುಮಾರು 20 ಅಂಕ ಮುಂದಿದ್ದ ಒಹಾಯೊ ಸ್ಟೇಟ್, ತವರಿನಲ್ಲೇ ಮಿಷಿಗನ್‌ಗೆ 13-10ರಿಂದ ಸೋತಿತು. ಅದೇ ಒಹಾಯೊ ಸ್ಟೇಟ್ ಆ ಸೀಸನ್ನಿನ ಚಾಂಪಿಯನ್ ಆಯಿತು. ನಿಮ್ಮ ಮಗಳೋ ತಮ್ಮನೋ ಓದುವ ವಿಶ್ವವಿದ್ಯಾಲಯದ ಪಂದ್ಯಕ್ಕೆ ಯಾವಾಗಲೂ 1 ಅಂಕ ಇಡಿ. ಅಲ್ಲಿ ಲೆಕ್ಕಕ್ಕೆ ಪ್ರೀತಿ ಬೆರೆತಿರುತ್ತದೆ.

8. ಡಿಸೆಂಬರ್‌ನಲ್ಲಿ ಹಾಳೆ ಮಡಚಿಡಿ

ಪ್ಲೇಆಫ್ ಬಿಟ್ಟು ಉಳಿದ ಬೌಲ್ ಪಂದ್ಯಗಳಿಗೆ (ಸೀಸನ್ ಮುಗಿದ ಮೇಲೆ ನಡೆಯುವ ಬಿಡಿ ಪಂದ್ಯಗಳಿಗೆ) ಈ ಲೆಕ್ಕ ನಡೆಯುವುದಿಲ್ಲ. ವೃತ್ತಿಪರ ಲೀಗಿಗೆ ಹೋಗುವವರು, ಬೇರೆ ಕಾಲೇಜಿಗೆ ಹೊರಟವರು ಆಡದೆ ಕೂರುತ್ತಾರೆ. ಪ್ಲೇಆಫ್ ತಪ್ಪಿದ ಅದೇ ಫ್ಲೋರಿಡಾ ಸ್ಟೇಟ್, ಹಲವು ಪ್ರಮುಖರಿಲ್ಲದೆ ಆರೆಂಜ್ ಬೌಲ್‌ಗೆ ಇಳಿದು ಜಾರ್ಜಿಯಾಗೆ 63-3ರಿಂದ ಸೋತಿತು. ಬೌಲ್ ಪಂದ್ಯಕ್ಕೆ ಗುರುತು ಹಾಕುವ ಮುನ್ನ ಎರಡೂ ತಂಡಗಳಲ್ಲಿ ಯಾರು ಹೊರಗುಳಿದಿದ್ದಾರೆ, ಕೋಚ್ ಇನ್ನೂ ಅಲ್ಲೇ ಇದ್ದಾರೆಯೇ ಎಂದು ಆ ಊರಿನ ಪತ್ರಿಕೆಯಲ್ಲಿ ಓದಿ. ಹೆಚ್ಚು ಮಂದಿ ಹೊರಗುಳಿದ ತಂಡದ ವಿರುದ್ಧ ಗುರುತು ಹಾಕಿ, ಸೀಸನ್ನಿನ ಅಂಕಿ ಏನೇ ಹೇಳಲಿ.