ತೂತಿಗೆ ಹಿಡಿಸದ ಪೊಟ್ಯಾಸಿಯಂ

ಧಾರವಾಡದಲ್ಲಿ ಎಂಎಸ್ಸಿ ಕೊನೆಯ ವರ್ಷ ನನ್ನ ಪಾಲಿಗೆ ಬಂದ ಪ್ರಾಜೆಕ್ಟ್ ಬೆಂಜೋ-15-ಕ್ರೌನ್-5. ಐದು ಆಕ್ಸಿಜನ್ ಇರುವ ಬಳೆಯಂಥ ಅಣು. ಲೋಹದ ಅಯಾನನ್ನು ಹಿಡಿದಿಟ್ಟುಕೊಳ್ಳುವ ಇಂಥ ಬಳೆಗಳಿಗೆ ಕ್ರೌನ್ ಈಥರ್ ಅಂತ ಹೆಸರು. ಕ್ರೌನ್ ಈಥರ್‌ಗಳ ಬಗ್ಗೆ ಚಾರ್ಲ್ಸ್ ಪೆಡರ್ಸನ್ 1967ರಲ್ಲಿ ಬರೆದರು, 1987ರಲ್ಲಿ ನೊಬೆಲ್ ಹಂಚಿಕೊಂಡರು.

ಮೊದಲು ಬಳೆ ಆಗಬೇಕಲ್ಲ. ಕ್ಯಾಟೆಕಾಲ್, ಟೆಟ್ರಾಎಥಿಲೀನ್ ಗ್ಲೈಕಾಲ್‌ನ ಡೈಕ್ಲೋರೈಡ್, ಸೋಡಿಯಂ ಹೈಡ್ರಾಕ್ಸೈಡ್, ಎಲ್ಲ ಬ್ಯುಟನಾಲ್‌ನಲ್ಲಿ ರಾತ್ರಿಯಿಡೀ ರಿಫ್ಲಕ್ಸ್, ಅಂದರೆ ಆವಿ ತಣಿದು ಮತ್ತೆ ಫ್ಲಾಸ್ಕಿಗೇ ಬೀಳುವ ಹಾಗೆ ಕುದಿಸುವುದು. ಸೋಡಿಯಂ ಇಲ್ಲಿ ಸುಮ್ನೆ ಇರುವುದಿಲ್ಲ. ಉದ್ದನೆಯ ಸರಪಳಿ ಅದರ ಸುತ್ತ ಬಾಗುತ್ತದೆ, ತುದಿಗಳು ಹತ್ತಿರ ಬಂದು ಕೂಡಿಕೊಳ್ಳುತ್ತವೆ. ನಾನು ಮೊದಲ ಸಲ ಗಾಳಿ ತಡೆಯುವ ನೈಟ್ರೋಜನ್ ಹಾಯಿಸದೆ ಮಾಡಿದೆ. ಕ್ಷಾರದಲ್ಲಿರುವ ಕ್ಯಾಟೆಕಾಲ್‌ಗೆ ಗಾಳಿ ತಗುಲಿದರೆ ಕಪ್ಪಾಗುತ್ತದೆ. ಬೆಳಿಗ್ಗೆ ನೋಡಿದರೆ ಫ್ಲಾಸ್ಕ್ ತುಂಬ ಡಾಂಬರು! ಎರಡನೇ ಸಲ ನೈಟ್ರೋಜನ್ ಹಾಕಿದೆ. ಬಿಸಿ ಹೆಪ್ಟೇನ್‌ನಲ್ಲಿ ಎಳೆದು ತಣಿಸಿದಾಗ ಬಿಳಿ ಸೂಜಿಗಳು ಬಂದವು, 79 ಡಿಗ್ರಿಗೆ ಕರಗಿದವು. (ಡೈಕ್ಲೋರೈಡ್ ಆಗಲಿ, ಕ್ರೌನ್ ಆಗಲಿ ಬರಿಗೈಲಿ ಮುಟ್ಟಬೇಡಿ. ಎರಡೂ ವಿಷವೇ.)

ಮುಂದಿನದು, ಬಳೆಯೊಳಗೆ ಪೊಟ್ಯಾಸಿಯಂ ಕೂರಿಸುವುದು, ಸುಲಭ ಅಂದುಕೊಂಡಿದ್ದೆ. ಒಂದು ಮೋಲ್ ಕ್ರೌನ್‌ಗೆ ಒಂದು ಮೋಲ್ ಪೊಟ್ಯಾಸಿಯಂ ಅಯೋಡೈಡ್, ಬಿಸಿ ಮೆಥನಾಲ್‌ನಲ್ಲಿ ಬೆರೆಸಿ ಇಟ್ಟೆ. ಹೊರಗೆ ಧಾರವಾಡದ ಜಿಟಿಜಿಟಿ ಮಳೆ. ಹರಳು ಬರಲು ವಾರವೇ ಹಿಡಿಯಿತು. ಅದರಲ್ಲಿ ಎಷ್ಟು ಇಂಗಾಲ ಇದೆ ಅಂತ ಪರೀಕ್ಷೆಗೆ ಕಳಿಸಿದೆ. ಒಂದಕ್ಕೆ ಒಂದು ಕೂಡಿದ್ದರೆ ಇಂಗಾಲ 38.7 ಶೇಕಡಾ ಇರಬೇಕಿತ್ತು, ವರದಿಯಲ್ಲಿ 48ರ ಹತ್ತಿರ ಇತ್ತು. ಮಾದರಿ ಕೊಳಕಾಗಿದೆ ಅಂತ ಮೂರು ಸಲ ಶುದ್ಧ ಮಾಡಿದೆ. ಅದೇ ಅಂಕಿ.

"ಸರ, ಎಲ್ಲೋ ತಪ್ಪಾಗೇದ್ರಿ" ಅಂದೆ.

"ಹರಳು ತಪ್ಪಿಲ್ಲಪಾ, ನೀ ಅಂದ್ಕೊಂಡಿದ್ದು ತಪ್ಪು. ಎರಡು ಕ್ರೌನ್ ಹಾಕಿ ಲೆಕ್ಕ ಮಾಡಿ ನೋಡು" ಅಂದರು ಗೈಡ್.

ಮಾಡಿದೆ. 47.9 ಬಂತು!

ಆ ಸಂಜೆ ಹಾಸ್ಟೆಲಿನಲ್ಲಿ ಉದ್ದಿನ ವಡೆಯ ತೂತಿನ ಮೇಲೆ ಒಂದು ಫೇಡಾ ಇಟ್ಟು ನೋಡಿದೆ. ಒಳಗೆ ಇಳಿಯಲಿಲ್ಲ, ಮೇಲೇ ಕೂತಿತು. ಮೇಲೊಂದು ವಡೆ ಮುಚ್ಚಿದರೆ ಗಟ್ಟಿ. ಇಲ್ಲಿಯೂ ಅಷ್ಟೇ. ಬಳೆಯ ತೂತು 1.7ರಿಂದ 2.2 ಆಂಗ್‌ಸ್ಟ್ರಾಮ್ (ಒಂದು ಆಂಗ್‌ಸ್ಟ್ರಾಮ್ ಅಂದರೆ ಮಿಲಿಮೀಟರಿನ ಕೋಟಿಯಲ್ಲೊಂದು ಪಾಲು), ಪೊಟ್ಯಾಸಿಯಂ ಅಯಾನಿನ ಅಗಲ ಸುಮಾರು 2.7. ಒಂದು ಬಳೆಯ ಐದು ಆಕ್ಸಿಜನ್ ಅದಕ್ಕೆ ಸಾಲದು, ಇನ್ನೊಂದು ಬಳೆ ಆ ಕಡೆಯಿಂದ ಬರುತ್ತದೆ. ಒಟ್ಟು ಹತ್ತು ಆಕ್ಸಿಜನ್. ಅಯೋಡೈಡ್ ಪಾಪ ಹೊರಗೇ ಉಳಿಯುತ್ತದೆ. ಈ ಹರಳಿನ ಎಕ್ಸ್-ರೇ ರಚನೆ 1972ರಲ್ಲೇ ಪ್ರಕಟವಾಗಿತ್ತು. ನಾನು ಅದನ್ನು ಮೊದಲೇ ಓದಬೇಕಿತ್ತು ಅಲ್ವಾ?

ಹೋಲಿಕೆಗೆ ಸೋಡಿಯಂ ಅಯೋಡೈಡ್ ಜೊತೆಗೂ ಮಾಡಿದೆ. ಅಲ್ಲಿ ಒಂದಕ್ಕೆ ಒಂದೇ, ಜೊತೆಗೆ ಒಂದು ನೀರಿನ ಅಣು.

ಹಳೆಯ ನೋಟ್‌ಬುಕ್ ತೆರೆದರೆ ಪೊಟ್ಯಾಸಿಯಂ ಹರಳಿನ ಮೊದಲ ಬ್ಯಾಚಿನ ಕೆಳಗೆ ನಾನೇ ಬರೆದಿದ್ದ ಸಾಲು ಸಿಕ್ಕಿತು: "ಸೋಸಿದ ದ್ರವ ಆರಿದ ಮೇಲೆ ಬಿಳಿ ಪುಡಿ ಉಳಿಯಿತು. ಕಸ, ಎಸೆದೆ." ಹಾಕಿದ್ದ ಪೊಟ್ಯಾಸಿಯಂ ಅಯೋಡೈಡಿನ ಅರ್ಧ ಅದು.