ಬಣ್ಣದ ಪೆನ್ಸಿಲ್‌ನಲ್ಲಿ ಹಕ್ಕಿ: ದೊಡ್ಡವರಾದ ಮೇಲೆ ಕಲಿಯುವುದು ಹೇಗೆ?

ಶಾಲೆ ಬಿಟ್ಟ ಮೇಲೆ ಬಣ್ಣದ ಪೆನ್ಸಿಲ್ ಮುಟ್ಟದವರೂ ಹಕ್ಕಿಯ ಚಿತ್ರ ಬಿಡಿಸಲು ಕಲಿಯಬಹುದು. ಈ ಕೆಲಸಕ್ಕೆ ಮುಖ್ಯವಾಗಿ ಬೇಕಾದದ್ದು ಕೂತು ನೋಡುವ ತಾಳ್ಮೆ. ಅದು ಮಕ್ಕಳಿಗಿಂತ ದೊಡ್ಡವರಲ್ಲೇ ಜಾಸ್ತಿ. ಹೊಸಬರು ಎಡವುವುದು ಎರಡು ಕಡೆ. ಒಂದೊಂದೇ ಗರಿ ಬಿಡಿಸಲು ಹೊರಡುತ್ತಾರೆ, ಮೊದಲ ಸಲಕ್ಕೇ ಪೆನ್ಸಿಲ್ ಒತ್ತಿ ಬಣ್ಣ ತುಂಬುತ್ತಾರೆ. ಇವೆರಡನ್ನು ಬಿಟ್ಟರೆ ಕೆಲಸ ಎಷ್ಟೋ ಹಗುರ.

ಮೊದಲ ಚಿತ್ರಕ್ಕೆ ಗಂಡು ಗುಬ್ಬಚ್ಚಿಯನ್ನು ಆರಿಸಿಕೊಳ್ಳಿ. ನವಿಲು, ಮಿಂಚುಳ್ಳಿ ಕಣ್ಣು ಸೆಳೆಯುತ್ತವೆ ನಿಜ, ಅವು ಆಮೇಲೆ ಇರಲಿ. ಗುಬ್ಬಿಯಲ್ಲಿ ಇರುವುದು ಕಂದು, ಬೂದು, ಕಪ್ಪು, ಬಿಳಿ ಇಷ್ಟೇ. ಹಾಗಾಗಿ ಗಮನ ಆಕಾರದ ಮೇಲೆ ನಿಲ್ಲುತ್ತದೆ. ಪಕ್ಕದಿಂದ ತೆಗೆದ, ಒಂದೇ ಕಡೆಯಿಂದ ಬೆಳಕು ಬಿದ್ದ ಫೋಟೊ ಎದುರಿಗಿರಲಿ. ನೀವೇ ತೆಗೆದದ್ದಾದರೆ ಇನ್ನೂ ಒಳ್ಳೆಯದು. ಬೇರೆಯವರ ಫೋಟೊ ನೋಡಿ ಬಿಡಿಸಿದ ಚಿತ್ರವನ್ನು ಮಾರುವುದಾದರೆ ಅವರ ಒಪ್ಪಿಗೆ ಕೇಳಿ.

ಏನೇನು ಬೇಕು?

24 ಬಣ್ಣಗಳ ಒಂದು ಸೆಟ್ ಧಾರಾಳವಾಯಿತು. ಮೇಣದ ಪೆನ್ಸಿಲ್ ಮೆದು, ಬೇಗ ಬಣ್ಣ ತುಂಬುತ್ತದೆ. ಎಣ್ಣೆ ಬೆರೆತ ಪೆನ್ಸಿಲ್ ಸ್ವಲ್ಪ ಗಟ್ಟಿ, ಅದರ ಚೂಪು ಹೆಚ್ಚು ಹೊತ್ತು ನಿಲ್ಲುತ್ತದೆ. ಯಾವುದಾದರೂ ಸರಿ. ಹಣ ಉಳಿಸುವುದಿದ್ದರೆ ಪೆನ್ಸಿಲ್‌ನಲ್ಲಿ ಉಳಿಸಿ, ಕಾಗದದಲ್ಲಿ ಬೇಡ. ತೆಳು ಕಾಗದ ಎರಡು ಪದರಕ್ಕೇ ಸೋಲುತ್ತದೆ. 200 ಜಿಎಸ್‌ಎಂ (ಒಂದು ಚದರ ಮೀಟರ್ ಕಾಗದದ ತೂಕ, ಗ್ರಾಂನಲ್ಲಿ) ಆಸುಪಾಸಿನ, ಕೈಯಾಡಿಸಿದರೆ ಸಣ್ಣಗೆ ತರಿ ಸಿಗುವ ಕಾಗದ ತನ್ನಿ. ಆ ತರಿಯೇ ಬಣ್ಣವನ್ನು ಹಿಡಿದುಕೊಳ್ಳುವುದು. ಜೊತೆಗೆ ಒಂದು ಎಚ್‌ಬಿ ಪೆನ್ಸಿಲ್, ಒಳ್ಳೆಯ ಶಾರ್ಪನರ್, ಮೆತ್ತನೆಯ ರಬ್ಬರ್, ಇಂಕು ಮುಗಿದ ಒಂದು ಬಾಲ್‌ಪೆನ್ ಇರಲಿ. ಪೆನ್ನು ಯಾಕೆ ಎನ್ನುವುದು ಮುಂದೆ ಗೊತ್ತಾಗುತ್ತದೆ.

ಮೊದಲು ನಿಲುವು, ಆಮೇಲೆ ಹಕ್ಕಿ

ನೆತ್ತಿಯಿಂದ ಬಾಲದ ತುದಿವರೆಗೆ ಒಂದು ಓರೆ ಗೆರೆ ಎಳೆಯಿರಿ. ಹಕ್ಕಿ ನೆಟ್ಟಗೆ ಕೂತಿದೆಯೋ ಮುಂದಕ್ಕೆ ಬಾಗಿದೆಯೋ ಎನ್ನುವುದನ್ನು ಈ ಗೆರೆಯೇ ಹೇಳುತ್ತದೆ. ಅದರ ಮೇಲೆ ಮೈಗೆ ಮೊಟ್ಟೆಯಾಕಾರ, ತಲೆಗೆ ಒಂದು ವೃತ್ತ. ತಲೆಯ ಅಗಲವನ್ನು ಅಳತೆಗೋಲು ಮಾಡಿಕೊಂಡು, ಮೈ ಎಷ್ಟು ತಲೆಯುದ್ದ, ಬಾಲ ಎಷ್ಟು ಎಂದು ಫೋಟೊದಲ್ಲಿ ಅಳೆಯಿರಿ. ಕೊಕ್ಕಿನ ಎರಡು ಭಾಗ ಸೇರುವ ಗೆರೆ ಹಿಂದೆ ಎಲ್ಲಿಗೆ ಹೋಗುತ್ತದೆ, ಕಣ್ಣು ಅದಕ್ಕಿಂತ ಎಷ್ಟು ಮೇಲಿದೆ ಎಂದು ಸ್ಕೇಲ್ ಇಟ್ಟು ನೋಡಿ. ಕಣ್ಣು ಒಂದೆರಡು ಮಿಲಿಮೀಟರ್ ಸರಿದರೂ ಗುಬ್ಬಿ ಬೇರೆ ಯಾವುದೋ ಹಕ್ಕಿಯಾಗುತ್ತದೆ.

ಕಾಲಿನ ವಿಷಯದಲ್ಲಿ ಒಂದು ಮಾತು. ಹಕ್ಕಿಯ ಮೊಣಕಾಲು ಹಿಂದಕ್ಕೆ ಮಡಚುತ್ತದೆ ಎಂದು ನಮಗೆ ಅನ್ನಿಸುತ್ತದೆ, ಅಲ್ವಾ? ಅದು ಮೊಣಕಾಲಲ್ಲ, ಪಾದದ ಗಂಟು. ನಿಜವಾದ ಮೊಣಕಾಲು ಮೇಲೆ ಪುಕ್ಕದೊಳಗೆ ಅಡಗಿರುತ್ತದೆ. ಇದು ಗೊತ್ತಿದ್ದರೆ ಕಾಲು ಮೈಗೆ ಅಂಟಿಸಿದ ಕಡ್ಡಿಯಂತೆ ಕಾಣುವುದಿಲ್ಲ. ಬೆರಳು ಮುಂದೆ ಮೂರು, ಹಿಂದೆ ಒಂದು.

ಆಕಾರ ಸರಿಯಿದೆಯೇ ಎಂದು ತಿಳಿಯಲು ಚಿತ್ರವನ್ನು ಕನ್ನಡಿಯಲ್ಲಿ ನೋಡಿ. ತಪ್ಪಿದ್ದರೆ ತಟ್ಟನೆ ಕಾಣುತ್ತದೆ. ಆಮೇಲೆ ಎಚ್‌ಬಿ ಗೆರೆಗಳನ್ನು ರಬ್ಬರಿನಿಂದ ಒತ್ತಿ ಒತ್ತಿ ತೆಳು ಮಾಡಿ. ಇಲ್ಲದಿದ್ದರೆ ಸೀಸ ಬಣ್ಣದಲ್ಲಿ ಕಲೆತು ಎಲ್ಲವೂ ಕೊಳಕಾಗುತ್ತದೆ.

ಬಣ್ಣ ಶುರುವಾಗುವುದು ಕಣ್ಣಿನಿಂದ

ಕಣ್ಣಿನ ಹೊಳಪಿನ ಚುಕ್ಕೆಯನ್ನು ಮೊದಲೇ ಗುರುತಿಸಿ, ಅಲ್ಲಿ ಕಾಗದದ ಬಿಳಿಯನ್ನು ಹಾಗೇ ಬಿಡಿ. ಉಳಿದ ಭಾಗಕ್ಕೆ ಗಾಢ ಕಂದು, ಅದರ ಮೇಲೆ ಕಡುನೀಲಿ, ಕೊನೆಗೆ ಕಪ್ಪು. ಬರೀ ಕಪ್ಪು ಹಾಕಿದರೆ ಕಣ್ಣು ತೂತಿನ ಹಾಗೆ ಕಾಣುತ್ತದೆ. ಹೊಳಪಿನ ಎದುರು ಅಂಚಿನಲ್ಲಿ ಕಂದು ತುಸು ಇಣುಕಲಿ, ಕಣ್ಣಿಗೆ ದುಂಡು ಬರುತ್ತದೆ. ಗಂಟಲಿನ ಕಪ್ಪು ಮಚ್ಚೆಗೂ ಇದೇ ಮೂರು ಬಣ್ಣ, ಇದೇ ಕ್ರಮ.

ಇನ್ನು ರೆಕ್ಕೆ. ಗರಿಗಳನ್ನು ಎಣಿಸಬೇಡಿ, ಗುಂಪುಗಳನ್ನು ನೋಡಿ. ಭುಜದ ಹತ್ತಿರ ಒಂದರ ಮೇಲೊಂದು ಹೊದ್ದ ಸಣ್ಣ ಗರಿಗಳ ಸಾಲು, ಅದರ ಕೆಳಗೆ ತುಸು ದೊಡ್ಡವು, ಕೊನೆಗೆ ಬಾಲದ ಕಡೆ ಚಾಚಿದ ಉದ್ದ ಗರಿಗಳು. ಗುಬ್ಬಿಯ ಉದ್ದ ಗರಿಯ ನಡುವೆ ಗಾಢ, ಅಂಚು ತಿಳಿ. ಹಾಗಾಗಿ ಇಡೀ ರೆಕ್ಕೆಗೆ ಮೊದಲು ತಿಳಿ ಕಂದು ಬಳಿಯಿರಿ. ನಂತರ ಗರಿಯ ನಡುಭಾಗವನ್ನು ಮಾತ್ರ ಗಾಢ ಮಾಡುತ್ತಾ ಹೋಗಿ. ಅಂಚು ಬಿಡಿಸದೆಯೇ ಅಂಚು ಮೂಡುತ್ತದೆ! ನೋಡಲು ನಿಜಕ್ಕೂ ಖುಷಿ ಕೊಡುವ ಹಂತ ಇದು. ತೆಳುವಾದ ಬಿಳಿ ಎಳೆ ಬೇಕಾದಲ್ಲಿ, ಬಣ್ಣ ಹಾಕುವ ಮುಂಚೆ ಖಾಲಿ ಬಾಲ್‌ಪೆನ್ನಿನಿಂದ ಕಾಗದದ ಮೇಲೆ ಒತ್ತಿ ಗೀರಿ. ಪೆನ್ಸಿಲ್ ಆ ಗೀರಿನೊಳಗೆ ಇಳಿಯದೆ ಮೇಲೆ ಜಾರುತ್ತದೆ, ಎಳೆ ಬೆಳ್ಳಗೆ ಉಳಿಯುತ್ತದೆ.

ಗೆರೆಗಳು ಪುಕ್ಕ ಬೆಳೆದ ದಿಕ್ಕಿನಲ್ಲೇ, ಅಂದರೆ ಕೊಕ್ಕಿನಿಂದ ಬಾಲದ ಕಡೆಗೆ ಸಾಗಲಿ. ತಲೆಯಲ್ಲಿ ಚಿಕ್ಕವು, ಎದೆಯಲ್ಲಿ ಸ್ವಲ್ಪ ಉದ್ದ. ಪೆನ್ಸಿಲನ್ನು ಹಿಂದಕ್ಕೆ ಹಿಡಿದರೆ ಒತ್ತಡ ತಾನಾಗಿ ಕಡಿಮೆಯಾಗುತ್ತದೆ. ಕಣ್ಣಿನ ಹಿಂದಿನ ಕೆಂಗಂದಿಗೆ ಮೊದಲು ಮಣ್ಣಿನ ಹಳದಿ, ಮೇಲೆ ಕಿತ್ತಳೆ, ಅದರ ಮೇಲೆ ಕಂದು, ನೆರಳಿಗೆ ಚೂರು ನೇರಳೆ. ಕೆನ್ನೆಯ ಬಿಳಿಯನ್ನು ಸುಮ್ನೆ ಖಾಲಿ ಬಿಡಬೇಡಿ, ನೆರಳಿರುವ ಕಡೆ ನೀಲಿ ಬೆರೆತ ಬೂದು ಸೋಕಿಸಿ.

ಪದರಗಳೆಲ್ಲ ಮುಗಿದ ಮೇಲೆ ಮಾತ್ರ ಬಿಳಿ ಪೆನ್ಸಿಲಿನಿಂದ ಒತ್ತಿ ತಿಕ್ಕಿ ಬಣ್ಣ ಬೆಸೆಯಬಹುದು. ಒಮ್ಮೆ ಹಾಗೆ ಮಾಡಿದರೆ ತರಿ ಮುಚ್ಚಿಹೋಗುತ್ತದೆ, ಹೊಸ ಪದರ ಹಿಡಿಯುವುದು ಕಷ್ಟ. ಅದಕ್ಕೇ ನಾನು ಕೊಕ್ಕು, ಕಣ್ಣಿಗೆ ಮಾತ್ರ ಇದನ್ನು ಬಳಸಿ ಎನ್ನುತ್ತೇನೆ. ಪುಕ್ಕ ತಿಕ್ಕಿದರೆ ಪ್ಲಾಸ್ಟಿಕ್ ಹೊಳಪು ಬರುತ್ತದೆ. ಮೇಣದ ಪೆನ್ಸಿಲ್ ದಪ್ಪಗೆ ಹಾಕಿದ್ದರೆ ಕೆಲವು ದಿನದಲ್ಲಿ ಮಂಜಿನಂಥ ಬಿಳಿ ಪೊರೆ ಏಳಬಹುದು. ಮೆತ್ತನೆ ಬಟ್ಟೆಯಿಂದ ಹಗುರವಾಗಿ ಒರೆಸಿದರೆ ಹೋಗುತ್ತದೆ.

ಗುಬ್ಬಿ ಕೈಗೆ ಬಂದ ಮೇಲೆ ಗಿಳಿಗೆ ಹೋಗಿ. ಗಿಳಿಯ ಹಸಿರು ಗರಿಯಲ್ಲಿ ಸಾಮಾನ್ಯವಾಗಿ ಇರುವುದು ಹಳದಿ ವರ್ಣದ್ರವ್ಯ. ನೀಲಿ ಹುಟ್ಟುವುದು ಗರಿಯ ಸೂಕ್ಷ್ಮ ರಚನೆ ಬೆಳಕನ್ನು ಚದುರಿಸುವುದರಿಂದ. ಎರಡೂ ಸೇರಿ ಹಸಿರು. ನೀವೂ ಹಸಿರು ಪೆನ್ಸಿಲ್ ಪಕ್ಕಕ್ಕಿಟ್ಟು ಹಳದಿಯ ಮೇಲೆ ತೆಳುವಾಗಿ ನೀಲಿ ಹಾಕಿ ನೋಡಿ. ಬೆಳಕು ಬಿದ್ದ ಕಡೆ ಹಳದಿ ಜಾಸ್ತಿ, ನೆರಳಲ್ಲಿ ನೀಲಿ ಜಾಸ್ತಿ.