ಬ್ಯಾಕ್ ಕವರ್ ತೆಗೆಸಿ ನೋಡಿದ ಮೇಲೇ ದುಡ್ಡು: ಆನ್‌ಲೈನ್‌ನಲ್ಲಿ ಹಳೇ ವಾಚ್ ಕೊಂಡ ನನ್ನ ಅನುಭವ

ಆನ್‌ಲೈನ್‌ನಲ್ಲಿ ಹಳೇ ಕೀ ವಾಚ್ ತರಿಸಿದ್ರೆ ಬರೋದು ಬಾಂಬೆ ಮಾಲೇ, ಅಂದ್ರೆ ಹೊಸ ಬಣ್ಣ ಹೊಡೆದು ಬಿಡಿ ಭಾಗ ಜೋಡಿಸಿದ್ದೇ ಅಂತ ದಾವಣಗೆರೆಯ ರಿಪೇರಿ ಅಂಗಡಿಗಳಲ್ಲಿ ಇವತ್ತಿಗೂ ಹೇಳ್ತಾರೆ. ಮುಕ್ಕಾಲು ಪಾಲು ನಿಜ. ಮಿಕ್ಕ ಕಾಲು ಪಾಲನ್ನು ಹೇಗೆ ಆರಿಸಿ ತೆಗೀಬೇಕು ಅನ್ನೋದಷ್ಟೇ ಇಲ್ಲಿ ಬರೀತಿರೋದು. ಈಗ ನನ್ನ ಹತ್ರ ಇರೋ ಎಚ್‌ಎಂಟಿ ಜನತಾ, ಕಪ್ಪು ಡಯಲ್‌ನ ಎಚ್‌ಎಂಟಿ ಪೈಲಟ್, ಸ್ವಿಸ್ ಕಂಪನಿ ಫೇವರ್ ಲೂಬಾದ ಸೀ ಕಿಂಗ್ ಮೂರೂ ಆನ್‌ಲೈನ್‌ನಲ್ಲೇ ಬಂದವು. ಮೂರರಲ್ಲೂ ಡಯಲ್, ಮುಳ್ಳು, ಮಷಿನ್ ಕಾರ್ಖಾನೆಯವೇ. ಮಂಡಿಪೇಟೆ ಕಡೆ ದಶಕಗಳಿಂದ ಕಣ್ಣಿಗೆ ಐಗ್ಲಾಸ್ ಕಚ್ಚಿಸಿಕೊಂಡು ಕೂತಿರೋ ಹಿರಿಯರೊಬ್ಬರು ಬಿಚ್ಚಿ ನೋಡಿ ಒಪ್ಪಿದ್ದಾರೆ. "ಆನ್‌ಲೈನಾ? ಖರೇ ಹೇಳ್ರಿ" ಅಂದವರೂ ಅವರೇ.

ರೀಡಯಲ್ ಅಂದ್ರೆ ಹಳೇ ಡಯಲ್ ಮೇಲೆ ಹೊಸದಾಗಿ ಬಣ್ಣ, ಅಕ್ಷರ ಹಾಕಿದ್ದು, ಫ್ರಾಂಕನ್ ಅಂದ್ರೆ ಬೇರೆ ಬೇರೆ ವಾಚಿನ ಭಾಗ ಸೇರಿಸಿ ಜೋಡಿಸಿದ್ದು. ನೇರವಾಗಿ ಫೋಟೋಗೆ ಬರ್ತೀನಿ. ಮಾರೋರು ಹಾಕಿರೋ ಫೋಟೋ ಲೆಕ್ಕಕ್ಕಿಲ್ಲ. ಒಂದೇ ಫೋಟೋ ಐದಾರು ಜನರ ಹತ್ರ ಓಡಾಡ್ತಿರುತ್ತೆ. ನಾನು ಕೇಳೋದು ಹೊಸದಾಗಿ ತೆಗೆದದ್ದು, ಅದೂ ಒಂದು ಕ್ರಮದಲ್ಲಿ.

ಮೊದಲು ಮುಳ್ಳು 12 ಗಂಟೆಗೆ ಇಟ್ಟು ಒಂದು, ಸರಿಯಾಗಿ 6 ಗಂಟೆಗೆ ಇಟ್ಟು ಇನ್ನೊಂದು. ಪಕ್ಕದಲ್ಲಿ ನಾನು ಹೇಳಿದ ಪದ ಬರೆದ ಚೀಟಿ. ಚೀಟಿಯಿಂದ ವಾಚ್ ಅವರ ಕೈಯಲ್ಲಿದೆ ಅಂತ ಗೊತ್ತಾಗುತ್ತೆ. ಮುಳ್ಳಿನಿಂದ ಇನ್ನೂ ಹೆಚ್ಚು ಗೊತ್ತಾಗುತ್ತೆ. 12ಕ್ಕೆ ಗಂಟೆ ಮುಳ್ಳು ನಿಮಿಷದ ಮುಳ್ಳಿನಡಿ ಅಡಗಬೇಕು, 6ಕ್ಕೆ ಎರಡೂ ಒಂದೇ ಗೆರೆಯಾಗಬೇಕು. ಒಂದು ಕಡೆ ಸರಿ, ಇನ್ನೊಂದು ಕಡೆ ವಾಲಿದ್ರೆ ಮುಳ್ಳು ಸರಿಯಾಗಿ ಕೂತಿಲ್ಲ, ಬೇರೆ ವಾಚಿನದೂ ಇರಬಹುದು, ಇಲ್ಲಾ ಡಯಲ್ ತನ್ನ ಜಾಗದಲ್ಲಿ ಕೂತಿಲ್ಲ. ಡಯಲ್ ಯಾಕೆ ಜಾಗ ಬಿಡುತ್ತೆ? ಹಿಂದಿನ ಎರಡು ಕಾಲು ಮುರಿದಿರುತ್ತೆ, ಡಬಲ್ ಟೇಪ್ ಹಾಕಿ ಮಷಿನ್‌ಗೆ ಅಂಟಿಸಿರ್ತಾರೆ. ನಮ್ಮ ಏಪ್ರಿಲ್ ಬಿಸಿಲಲ್ಲಿ ಕೊರಿಯರ್ ವ್ಯಾನಲ್ಲಿ ಎರಡು ದಿನ ಕೂತ್ರೆ ಟೇಪಿನ ಗೋಂದು ಕರಗಿ ಡಯಲ್ ಜಾರುತ್ತೆ. ಡಯಲ್ ನಡುವಿನ ತೂತಿನ ಅಂಚು ಮುಳ್ಳು ಕೂರೋ ಕಡ್ಡಿಗೆ ತಿಕ್ಕುತ್ತೆ, ವಾಚ್ ನಿಲ್ಲುತ್ತೆ. ಮಾರಿದವರು "ಕಳಿಸುವಾಗ ಓಡ್ತಿತ್ತು ಸರ್" ಅಂತಾರೆ, ಅದು ಸುಳ್ಳೂ ಅಲ್ಲ.

ಆಮೇಲೆ ಡಯಲ್ ಹತ್ತಿರದಿಂದ. ಫೋನಿಗೆ ಸಿಕ್ಕಿಸೋ ಮ್ಯಾಕ್ರೋ ಲೆನ್ಸ್ ಇಲ್ಲದವರಿಗೆ 10 ಪಟ್ಟಿನ ಐಗ್ಲಾಸ್ ಹಿಂದೆ ಫೋನ್ ಹಿಡಿಯೋಕೆ ಹೇಳ್ತೀನಿ. ಅಕ್ಷರಕ್ಕಿಂತ ಮುಂಚೆ ನೋಡಬೇಕಾದದ್ದು ಅಂಚಿನ ನಿಮಿಷದ ಗೆರೆಗಳು. ಅಂಟಿಸಿದ ಗಂಟೆ ಪಟ್ಟಿಯ ನಡು ಮತ್ತು ಅದರೆದುರಿನ ನಿಮಿಷದ ಗೆರೆ ಕಾರ್ಖಾನೆ ಡಯಲ್‌ನಲ್ಲಿ ಕೂದಲೆಳೆಯಷ್ಟೂ ತಪ್ಪಲ್ಲ. ರೀಡಯಲ್‌ನಲ್ಲಿ 2ರ ಹತ್ರ ಸರಿ ಇದ್ದದ್ದು 8ಕ್ಕೆ ಬರೋಷ್ಟರಲ್ಲಿ ಅರ್ಧ ಗೆರೆ ಜರುಗಿರುತ್ತೆ, ಯಾಕಂದ್ರೆ ಹೊಸ ಅಚ್ಚನ್ನು ಕೈಯಲ್ಲಿ ಹೊಂದಿಸಿ ಒತ್ತಿರ್ತಾರೆ. ಇನ್ನೊಂದು ಗುರುತು ಪಟ್ಟಿಯ ಬುಡ. ಪಟ್ಟಿ ತೆಗೆಯದೆ ಬಣ್ಣ ಹೊಡೆದಿದ್ರೆ ಬುಡದಲ್ಲಿ ಬಣ್ಣ ದಪ್ಪಗೆ ದಿಬ್ಬ ಕಟ್ಟಿರುತ್ತೆ. ತಾರೀಖು ಇರೋ ವಾಚಾದ್ರೆ ಕಿಟಕಿಯ ಇಳಿಜಾರು ಅಂಚು ಬಣ್ಣದಲ್ಲಿ ಮುಚ್ಚಿ ಗುಂಡಗಾಗಿರುತ್ತೆ. ಕೊನೆಗೆ ಅಕ್ಷರ: ಕಾರ್ಖಾನೆಯದು ಸಣ್ಣ, ಚೂಪು, ಶಾಯಿ ಡಯಲ್ ಮೇಲೆ ಕೊಂಚ ಎದ್ದು ಕೂತಿರುತ್ತೆ. ರೀಡಯಲ್‌ನದು ಅಂಚಿನಲ್ಲಿ ಹರಡಿರುತ್ತೆ. 6ರ ಕೆಳಗಿನ ಸಣ್ಣ ಬರಹ ಒಂದೋ ಇರಲ್ಲ, ಇಲ್ಲಾ ಇರಬೇಕಾದದ್ದಕ್ಕಿಂತ ಮೇಲೆ ಬಂದಿರುತ್ತೆ.

ಕಣ್ಣು ಪಳಗಬೇಕು ಅಂದ್ರೆ ಅಸಲಿ ಡಯಲ್ ನೋಡಿರಬೇಕು. ಬೆಂಗಳೂರಿನ ಜಾಲಹಳ್ಳಿಯಲ್ಲಿ ಎಚ್‌ಎಂಟಿ ಹೆರಿಟೇಜ್ ಸೆಂಟರ್ ಇದೆ, 2019ರಿಂದ. ಒಮ್ಮೆ ಹೋಗಿ ಕಣ್ತುಂಬ ನೋಡಿ ಬನ್ನಿ. ಇನ್ನೂ ಒಳ್ಳೇದು ಊರಲ್ಲೇ, ಮೊದಲಿಂದ ಒಬ್ಬರೇ ಕೈಗೆ ಕಟ್ಟಿಕೊಂಡ ವಾಚು: ಮಿಲ್ಲಲ್ಲಿ ದುಡಿದು ರಿಟೈರಾದವರು, ಹಳೇ ಮೇಷ್ಟ್ರು, ಮದುವೆಗೆ ಮಾವನ ಮನೆಯಿಂದ ಬಂದದ್ದು. ಅವು ಮಾರಾಟಕ್ಕಿಲ್ಲ, ಆದ್ರೆ ಫೋಟೋ ತೆಗೆಯೋಕೆ ಯಾರೂ ಬೇಡ ಅನ್ನಲ್ಲ. ಅಂಥ ಫೋಟೋಗಳ ಒಂದು ಫೋಲ್ಡರ್ ನನ್ನ ಫೋನಲ್ಲಿದೆ, ಮಾರೋರ ಫೋಟೋ ಪಕ್ಕ ಇಟ್ಟು ನೋಡೋದು ಅದನ್ನೇ. ಪೈಲಟ್‌ನಲ್ಲಿ ನೀಲಿ, ಹಸಿರು, ಕೆಂಪು ಡಯಲ್ ಕಂಡ್ರೆ ನಾನು ಮೆಸೇಜೂ ಮಾಡಲ್ಲ, ಕಪ್ಪಿನಲ್ಲೇ ಸಾಕಷ್ಟು ತಲೆನೋವಿದೆ. ದೇವನಾಗರಿ ಅಂಕಿಯ ಜನತಾ ಕಾರ್ಖಾನೆಯಿಂದ ಬಂದದ್ದು ಹೌದು, ಆದ್ರೆ ಬೇಡಿಕೆ ಹೆಚ್ಚಾಗಿ ಈಗ ಅದರ ನಕಲೇ ಜಾಸ್ತಿ. 2016ರಲ್ಲಿ ಎಚ್‌ಎಂಟಿ ವಾಚ್ ಕಾರ್ಖಾನೆ ಮುಚ್ಚೋ ತೀರ್ಮಾನ ಆದ ಮೇಲೆ ರೇಟು ಏರಿತು, ಜೊತೆಗೆ "ಬಾಕ್ಸ್ ಪೀಸ್, ಬಳಸಿಲ್ಲ" ಅನ್ನೋ ಮಾಲೂ ಏರಿತು. ಬ್ಯಾಕ್ ಕವರಿನ ಸ್ಟಿಕರ್ ನೋಡಿ ನಂಬಬೇಡಿ, ಸ್ಟಿಕರನ್ನೂ ಅಚ್ಚು ಹಾಕ್ತಾರೆ. ಬಳಸದ ವಾಚಿನಲ್ಲಿ ಬೆಲ್ಟಿನ ಪಿನ್ ಕೂರೋ ತೂತಿನ ಸುತ್ತ ಗೀರು ಇರಲ್ಲ. ಅಲ್ಲಿ ನೋಡಿ.

ಇನ್ನು ಮಷಿನ್. "ಬ್ಯಾಕ್ ಕವರ್ ತೆಗೆಯೋ ಟೂಲ್ ಇಲ್ಲ ಸರ್" ಅನ್ನೋದು ಎಲ್ಲರ ಮೊದಲ ಉತ್ತರ. ಊರಿನ ಯಾವ ವಾಚ್ ಅಂಗಡಿಯಲ್ಲಾದ್ರೂ ಇಪ್ಪತ್ತು ಮೂವತ್ತು ರೂಪಾಯಿಗೆ ತೆಗೆದುಕೊಡ್ತಾರೆ, ಬೇಕಾದ್ರೆ ಐವತ್ತು ನಾನೇ ಕಳಿಸ್ತೀನಿ ಅಂತೀನಿ. ಐವತ್ತು ಕಳ್ಕೊಂಡ್ರೂ ಲಾಭವೇ. ದುಡ್ಡು ಇಸ್ಕೊಂಡು ಫೋಟೋ ಕಳಿಸದವನು ವಾಚಿನ ದುಡ್ಡಿಗೂ ಅದನ್ನೇ ಮಾಡ್ತಿದ್ದ.

ತೆಗೆದ ಮೇಲೆ ಎಚ್‌ಎಂಟಿ ಆದ್ರೆ ಚಕ್ರಗಳನ್ನು ಹಿಡಿದಿರೋ ಬ್ರಿಜ್ ಪಟ್ಟಿ ಮೇಲಿನ ಹೆಸರು, 17 ಜ್ಯುವೆಲ್ (ಸವೆತ ತಡೆಯೋ ಕಲ್ಲು) ಬರಹ, ಜಪಾನಿನ ಸಿಟಿಜನ್ ಮನೆತನದ, ಏಟು ತಡೆಯೋ ಪ್ಯಾರಾಶಾಕ್ ಸ್ಪ್ರಿಂಗ್ ನೋಡಿ. ಎಚ್‌ಎಂಟಿ ವಾಚ್ ಶುರುವಾದದ್ದೇ 1961ರ ಸಿಟಿಜನ್ ಒಪ್ಪಂದದಿಂದ, ಹಾಗಾಗಿ ಆ ಆಕಾರ ಗುರುತಿಟ್ಕೊಂಡ್ರೆ ಸಾಕು. ಫೇವರ್ ಲೂಬಾ ಆದ್ರೆ ಮೋಸ ಬೇರೆ ಥರ. ಡಯಲ್ ಮೇಲೆ ಸೀ ಕಿಂಗ್, ಟ್ವಿನ್ ಪವರ್ ಅಂತಿರುತ್ತೆ, ಒಳಗೆ ಯಾವುದೋ ಅಗ್ಗದ ಸ್ವಿಸ್ ಮಷಿನ್. ಟ್ವಿನ್ ಪವರ್ ಅಂದ್ರೆ ಎರಡು ಬ್ಯಾರಲ್, ಕೀ ಸ್ಪ್ರಿಂಗ್ ಕೂರೋ ಡಬ್ಬಿ ಎರಡು. ಒಂದೇ ಕಂಡ್ರೆ ಅಲ್ಲಿಗೆ ಮಾತು ಮುಗೀತು. ಆಚೀಚೆ ತೂಗೋ ಬ್ಯಾಲೆನ್ಸ್ ಚಕ್ರದ ಕೆಳಗೆ ಮಷಿನ್ ಮಾಡಿದವರ ಸಣ್ಣ ಮುದ್ರೆ, ನಂಬರ್ ಇರುತ್ತೆ. ಎಎಸ್, ಎಫ್‌ಎಚ್‌ಎಫ್ (ಮಷಿನ್ ಮಾಡೋ ಬೇರೆ ಸ್ವಿಸ್ ಕಂಪನಿಗಳು) ಅಂತ ಕಂಡ್ರೆ ಆ ಮಾಡೆಲ್‌ಗೆ ಅದು ಹೊಂದುತ್ತಾ ಅಂತ ಹುಡುಕಿ ನೋಡಿ. ಸ್ಕ್ರೂ ತಲೆಗಳನ್ನೂ ನೋಡಿ. ಸೀಳು ಹರಿದಿದ್ರೆ ತುಂಬಾ ಕೈ ಬದಲಾದ ಮಷಿನ್, ಒಂದು ಸ್ಕ್ರೂ ಮಾತ್ರ ಹೊಳೀತಿದ್ರೆ ಅದು ಬೇರೆ ವಾಚಿನದು.

ಮಷಿನ್ ಆರೋಗ್ಯಕ್ಕೆ ನಾನು ಕಂಡುಕೊಂಡ ದಾರಿ ಸ್ಲೋ ಮೋಷನ್ ವಿಡಿಯೋ. ಇದನ್ನು ಹೇಳಿದಾಗ ಎಲ್ಲರೂ ನಕ್ಕು ತಳ್ಳಿಹಾಕಿದ್ರು. ಪೂರ್ತಿ ಕೀ ಕೊಟ್ಟು, ಡಯಲ್ ಕೆಳಗೆ ಮಾಡಿ ಮಲಗಿಸಿ, ಸೆಕೆಂಡಿಗೆ 240 ಫ್ರೇಮಿನಲ್ಲಿ ಹತ್ತು ಸೆಕೆಂಡ್ ತೆಗೆಯೋಕೆ ಹೇಳೋದು. ಈ ಎಚ್‌ಎಂಟಿ ಮಷಿನ್ ಗಂಟೆಗೆ 18,000 ಬಡಿತ, ಅಂದ್ರೆ ಸೆಕೆಂಡಿಗೆ 5, ಒಂದು ಬಡಿತಕ್ಕೆ 48 ಫ್ರೇಮ್. ಕಣ್ಣಿಗೆ ಧಾರಾಳ ಸಿಗುತ್ತೆ. ಬ್ಯಾಲೆನ್ಸ್ ಚಕ್ರಕ್ಕೆ ಎರಡು ಕೈ (ಅಡ್ಡ ಕಡ್ಡಿ) ಇದ್ರೆ ನಿಂತಾಗ ಆ ಕೈಗಳು ಯಾವ ಗೆರೆಯಲ್ಲಿರುತ್ತವೆ ಅಂತ ಮೊದಲು ಗುರುತು ಮಾಡ್ಕೊಳ್ಳಿ. ಓಡುವಾಗ ಚಕ್ರ ಒಂದು ತುದಿಗೆ ಹೋಗಿ ತಿರುಗೋ ಕ್ಷಣದಲ್ಲಿ ಕೈ ಅರೆಗಳಿಗೆ ನಿಲ್ಲುತ್ತೆ. ನಿಂತಾಗಿನ ಗೆರೆಯಲ್ಲೇ ಬಂದು ನಿಂತ್ರೆ ತೂಗು (ಚಕ್ರ ನಡುವಿನಿಂದ ತುದಿವರೆಗೆ ತಿರುಗೋ ಅಳತೆ) 180 ಡಿಗ್ರಿ, ಮಷಿನ್ ಸುಸ್ತಾಗಿದೆ, ಎಣ್ಣೆ ಒಣಗಿದೆ. ಆ ಗೆರೆಗೆ ನೇರ ಅಡ್ಡವಾಗಿ ನಿಂತ್ರೆ 270, ಹಳೇ ಮಷಿನ್‌ಗೆ ಹಬ್ಬ. ನಡುವೆ ನಿಂತ್ರೆ ಕಣ್ಣಳತೆಯಲ್ಲಿ 220, 240 ಅಂತ ಹೇಳಬಹುದು. ಬಂದ ಮೇಲೆ ವಾಚಿನ ಓಟ ಅಳೆಯೋ ಟೈಮ್‌ಗ್ರಾಫರ್ ಮೇಲೆ ಇಟ್ಟು ನೋಡಿದಾಗ ನನ್ನ ಕಣ್ಣಳತೆ ಹದಿನೈದಿಪ್ಪತ್ತು ಡಿಗ್ರಿಗಿಂತ ಹೆಚ್ಚು ತಪ್ಪಿಲ್ಲ. 180 ಇದ್ರೂ ಬಿಡಬೇಕಾಗಿಲ್ಲ, ಸರ್ವಿಸ್ ಖರ್ಚು ಹಿಡಿದು ರೇಟ್ ಇಳಿಸಿ. ಬಿಡಬೇಕಾದದ್ದು ಎರಡು ಕಡೆ ತೂಗು ಸಮ ಇಲ್ಲದ್ದು, ಜೊತೆಗೆ ಆ ಚಕ್ರದ ತೆಳು ಹೇರ್ ಸ್ಪ್ರಿಂಗ್ ಸುರುಳಿ ಒಂದು ಕಡೆ ಒತ್ತಿಕೊಂಡಿರೋದು. ಹೇರ್ ಸ್ಪ್ರಿಂಗ್ ನೇರ ಮಾಡೋ ಕೈ ನಮ್ಮ ಕಡೆ ಕಡಿಮೆ ಆಗ್ತಿವೆ.

ವಿಡಿಯೋದಲ್ಲಿ ಇನ್ನೊಂದು ಕೋನದಿಂದ ನಾನು ಒಂದು ಭಾಗ ನೋಡ್ತೀನಿ. ಅದನ್ನಿಲ್ಲಿ ಬರೆಯಲ್ಲ. ಮಾರೋರೂ ಕನ್ನಡ ಓದ್ತಾರೆ.

ಪಕ್ಕದ ಪ್ರಯೋಗಗಳೂ ಕೆಲವು ಆದವು. ಟಿಕ್ ಟಿಕ್ ಸದ್ದನ್ನು ವಾಟ್ಸಾಪ್ ವಾಯ್ಸ್ ಮೆಸೇಜಲ್ಲಿ ತರಿಸಿ ಫೋನ್ ಆ್ಯಪಲ್ಲಿ ಅಳೆಯೋದು ಕೈಗೂಡಲಿಲ್ಲ. ಸದ್ದು ಕುಗ್ಗಿಸುವಾಗ ಟಿಕ್‌ನ ಚೂಪು ಹೋಗಿ ಗ್ರಾಫ್ ಮಳೆ ಹನಿ ಥರ ಚದುರುತ್ತೆ. ಅದೇ ಸದ್ದನ್ನು ರೆಕಾರ್ಡ್ ಮಾಡಿ ಡಾಕ್ಯುಮೆಂಟ್ ಆಗಿ ಕಳಿಸಿದ್ರೆ ವಾಸಿ, ಫ್ಯಾನ್ ಆಫ್ ಆಗಿರಬೇಕು. ಮ್ಯಾಗ್ನೆಟ್ ಹಿಡಿದು ಸ್ಟೀಲೋ ಹಿತ್ತಾಳೆಯೋ ಅಂತ ನೋಡೋದು ದಂಡ. ಕ್ರೋಮ್ ಹಾಕಿದ ಹಿತ್ತಾಳೆಯೂ ಅಂಟಲ್ಲ, ವಾಚಿನ ಸ್ಟೀಲೂ ಅಂಟಲ್ಲ, ಅಂಟೋದು ಒಳಗಿನ ಹೇರ್ ಸ್ಪ್ರಿಂಗ್. ಅದಕ್ಕೆ ಮ್ಯಾಗ್ನೆಟ್ ಹತ್ತಿದ್ರೆ ವಾಚ್ ದಿನಕ್ಕೆ ನಿಮಿಷಗಟ್ಟಲೆ ಮುಂದೆ ಓಡುತ್ತೆ. ಹಿತ್ತಾಳೆ ಬಾಡಿ ತಿಳಿಯೋಕೆ ಬೆಲ್ಟ್ ಕೂರೋ ಕಾಲುಗಳ ಒಳಬದಿ ನೋಡಿ. ಬೆವರು ತಿಂದ ಕಡೆ ಹಳದಿ ಕಾಣುತ್ತೆ. ಚೌಕಿಪೇಟೆಯ ಚಿನ್ನದ ತಕ್ಕಡಿಯಲ್ಲಿ ತೂಗಿ ನೋಡಿದ್ದೂ ಆಯ್ತು, ಗ್ಲಾಸು ಕೀ ಬದಲಾದ್ರೆ ತೂಕವೂ ಬದಲಾಗುತ್ತೆ, ಏನೂ ಹೇಳಲ್ಲ. ನೋಟು ನೋಡೋ ಯುವಿ ಟಾರ್ಚ್ ಮಾತ್ರ ಫಲ ಕೊಟ್ಟಿತು. 6ರ ಅಕ್ಕಪಕ್ಕ "ಟಿ" ಗುರುತಿರೋ ಸ್ವಿಸ್ ಡಯಲ್‌ಗೆ ಬೆಳಕು ಬಿಟ್ಟು ತಟ್ಟನೆ ಆರಿಸಿದ್ರೆ ಕತ್ತಲಲ್ಲಿ ಹೊಳೆಯೋಕೆ ಹಚ್ಚಿದ ಹಳೇ ಟ್ರಿಟಿಯಂ ಬಣ್ಣ ಕೂಡಲೇ ಮಂಕಾಗುತ್ತೆ. ನಿಮಿಷಗಟ್ಟಲೆ ಹಸಿರಾಗಿ ಉರೀತಿದ್ರೆ ಆ ಬಣ್ಣ ಇತ್ತೀಚೆಗೆ ಹಚ್ಚಿದ್ದು.

ಜಪಾನಿನ ಸೀಕೋ 5 ಕಡೆಗೂ ಒಂದು ಸುತ್ತು ಹೋಗಿ ಬಂದೆ. ಅಲ್ಲಿ ಪರೀಕ್ಷೆ ಸುಲಭ. ಡಯಲ್ ತಳದ ಸಣ್ಣ ನಂಬರಿನ ಮೊದಲ ನಾಲ್ಕು ಅಂಕಿ, ಬ್ಯಾಕ್ ಕವರಿನದು, ಮಷಿನ್ ಮೇಲಿನದು ಮೂರೂ ಸಾಮಾನ್ಯವಾಗಿ ಒಂದೇ ಇರುತ್ತೆ. ಉದಾಹರಣೆಗೆ 7009. ಬ್ಯಾಕ್ ಕವರಿನ ಸೀರಿಯಲ್‌ನ ಮೊದಲ ಅಂಕಿ ಇಸವಿಯ ಕೊನೇ ಅಂಕಿ, ಎರಡನೇದು ತಿಂಗಳು. ಅಕ್ಟೋಬರ್, ನವೆಂಬರ್, ಡಿಸೆಂಬರಿಗೆ ಓ, ಎನ್, ಡಿ. ಕಿತ್ತಳೆ, ಗಿಳಿಹಸಿರು ಡಯಲ್‌ಗಳಲ್ಲಿ ತಳದ ನಂಬರೇ ಮಾಯವಾಗಿರುತ್ತೆ, ಅಲ್ಲಿಗೇ ಗೊತ್ತಾಗುತ್ತೆ.

ದುಡ್ಡಿನ ಮಾತು. ನೆನಪಿನ ಮೇಲೆ ಹೇಳೋದು, ಐವತ್ತು ನೂರು ಆಚೀಚೆ ಇರಬಹುದು. ಜನತಾ 1,400, ಪೈಲಟ್ 2,300 ಹತ್ರ, ಸೀ ಕಿಂಗ್ 6,500. ಎಚ್‌ಎಂಟಿ ಸರ್ವಿಸ್ ಇಲ್ಲಿ 350ರಿಂದ 500, ಫೇವರ್ ಲೂಬಾಕ್ಕೆ 1,200 ಆಯ್ತು. ಎರಡು ಬ್ಯಾರಲ್ ಬಿಚ್ಚೋಕೆ ಎಲ್ಲರೂ ಒಪ್ಪಲ್ಲ. ಗ್ಲಾಸ್ ಅರವತ್ತು ಎಪ್ಪತ್ತು ರೂಪಾಯಿ, ಗೀರಷ್ಟೇ ಇದ್ರೆ ಹಿತ್ತಾಳೆ ಉಜ್ಜೋ ಬ್ರಾಸೋ ಪಾಲಿಶ್ ಹಾಕಿ ಬಟ್ಟೆಯಲ್ಲಿ ಉಜ್ಜಿದ್ರೂ ಸಾಕು. ರೀಡಯಲ್ ಪೈಲಟ್ 900ಕ್ಕೆ ಸಿಗುತ್ತೆ, ಸರ್ವಿಸ್ ಬೆಲ್ಟ್ ಸೇರಿ 1,500 ಮುಟ್ಟುತ್ತೆ, ತಿರುಗಿ ಮಾರೋಕೆ ಹೋದ್ರೆ 500ಕ್ಕೂ ಕೇಳೋರಿಲ್ಲ. ಅಸಲಿ ಪೈಲಟ್‌ಗೆ ಹಾಕಿದ ದುಡ್ಡಿಗೆ ಮೇಲೆ ಐನೂರು ಕೊಡ್ತೀವಿ ಅಂತ ದುರ್ಗದ ಕಡೆಯ ಒಬ್ಬರು ಎರಡು ಸಲ ಕೇಳಿದ್ದಾರೆ, ಕೊಟ್ಟಿಲ್ಲ.

ಕೊಡೋ ಕ್ರಮ ಹೀಗೆ. ಫೋಟೋ ವಿಡಿಯೋ ಎಲ್ಲ ಒಪ್ಪಿದ ಮೇಲೆ ಇನ್ನೂರು ಅಡ್ವಾನ್ಸ್. ಮಿಕ್ಕದ್ದಕ್ಕೆ ಮುಂಚೆ ವಿಡಿಯೋ ಕಾಲ್. ಅದರಲ್ಲಿ ಕೀ ಎಳೆದು ಮುಳ್ಳು 12 ದಾಟಿಸಿ ತಾರೀಖು ಇದ್ರೆ ಅದು ಬದಲಾಗೋದು ತೋರಿಸಬೇಕು, ಬ್ಯಾಕ್ ಕವರ್ ಮತ್ತೆ ತೆಗೀಬೇಕು. ಕ್ಯಾಶ್ ಆನ್ ಡೆಲಿವರಿ ಭದ್ರ ಅಂತ ತುಂಬಾ ಜನ ನಂಬಿದ್ದಾರೆ. ಪಾರ್ಸಲ್ ಬಿಚ್ಚೋಕೆ ಮುಂಚೆ ದುಡ್ಡು ಎಣಿಸೋದಾದ್ರೆ ಅದು ಅಡ್ವಾನ್ಸ್ ಕೊಟ್ಟ ಹಾಗೇ. ವಾಪಸ್ ತಗೊಳ್ಳೋ ಸೈಟ್ ಆದ್ರೆ ಗಡುವು ಡೆಲಿವರಿ ದಿನದಿಂದ ಎಣಿಸ್ತಾರೆ, ರಿಪೇರಿಯವರಿಗೆ ಬಿಡುವಿರೋ ದಿನ ನೋಡ್ಕೊಂಡು ಆರ್ಡರ್ ಮಾಡಿ. ಬಿಚ್ಚೋ ವಿಡಿಯೋ ಒಂದೇ ಏಟಿಗೆ ತೆಗೀಬೇಕು: ವಿಳಾಸದ ಚೀಟಿ, ಟೇಪಿನ ನಾಲ್ಕೂ ಬದಿ, ಆಮೇಲೆ ಕತ್ತರಿ. ನಡುವೆ ಕಟ್ ಆದ್ರೆ ದೂರು ನಿಲ್ಲಲ್ಲ.

ಮಾಲು ಹುಡುಕೋ ಪದಗಳಲ್ಲಿ ಒಂದನ್ನಷ್ಟೇ ಹೇಳ್ತೀನಿ. ಹೆಸರು ತಪ್ಪಾಗಿ ಬರೆದಿರೋ ಜಾಹೀರಾತು ಹುಡುಕಿ, ಪೈಲಟ್ ಸ್ಪೆಲಿಂಗಲ್ಲಿ ಒಂದಕ್ಷರ ಬಿಟ್ಟು ನೋಡಿ. ವಾಚ್ ವ್ಯಾಪಾರಿ ಹೆಸರು ತಪ್ಪು ಬರೆಯಲ್ಲ. ಅಜ್ಜನ ಟ್ರಂಕ್ ಖಾಲಿ ಮಾಡ್ತಿರೋ ಮೊಮ್ಮಗ ಬರೀತಾನೆ, ಅವನಿಗೆ ರೀಡಯಲ್ ಅಂದ್ರೇನು ಅಂತಾನೇ ಗೊತ್ತಿರಲ್ಲ. ಡಯಲ್ ಮಾಸಿರುತ್ತೆ, ಗ್ಲಾಸ್ ಒಡೆದಿರುತ್ತೆ, ಫೋಟೋ ಮಸುಕಾಗಿರುತ್ತೆ, ರೇಟ್ ಕಡಿಮೆ ಇರುತ್ತೆ. ನನ್ನ ಜನತಾ ಸಿಕ್ಕಿದ್ದು ಅಂಥ ಕಡೆಯೇ. ಸೀ ಕಿಂಗ್ ಸಿಕ್ಕ ಪದ ಸದ್ಯಕ್ಕೆ ನನ್ನ ಹತ್ರಾನೇ ಇರಲಿ, ಫೇವರ್ ಲೂಬಾದ್ದೇ ಆಟೋಮ್ಯಾಟಿಕ್ ವಾಚ್ ಡುಯೋಮ್ಯಾಟಿಕ್ ಒಂದು ಬೇಕಾಗಿದೆ.